ಮಾವನ ಎರಡು ಬೆರಳು

ನನ್ನನ್ನು ನೋಡಲು ಬಂದ ದಿನ ನನ್ನ ಮಾವ, ಅಂದರೆ ಗಂಡನ ತಂದೆ, ಹೆಣ್ಣನ್ನು ನೋಡಿದ್ದಕ್ಕಿಂತ ನಮ್ಮ ಮನೆಯ ಫ್ಯಾನನ್ನು ನೋಡಿದ್ದೇ ಹೆಚ್ಚು. ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆ ಮೇಲೆತ್ತಿ ಕೂತವರು ಕೊನೆಗೆ ತಡೆಯಲಾರದೆ, "ಒಂದು ಸ್ಟೂಲ್ ಇದ್ರೆ ಕೊಡ್ರಿ. ಇದು ಅಲ್ಲಾಡ್ತೈತೆ, ಕೆಳಗೆ ಮಕ್ಕಳು ಮಲಗೋ ಜಾಗ" ಅಂದರು. ಬೀಗರಾಗುವವರನ್ನು ಸ್ಟೂಲ್ ಹತ್ತಿಸುವುದು ಹೇಗೆಂದು ನಮ್ಮಪ್ಪ ಒದ್ದಾಡುತ್ತಿದ್ದರೆ, ಇವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೇ ಬಿಟ್ಟಿದ್ದರು. ಹೆಣ್ಣು ನೋಡಲು ಸ್ಕ್ರೂಡ್ರೈವರ್ ಇಟ್ಟುಕೊಂಡು ಬಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರು ಹೋದ ಮೇಲೆ ಅವ್ವ, "ಹುಡ್ಗ ಹೆಂಗೋ ಏನೋ ಗೊತ್ತಾಗ್ಲಿಲ್ಲ, ಮಾವ ಮಾತ್ರ ಚಿನ್ನ" ಅಂದಳು. ಹುಡುಗನೂ ಪರವಾಗಿಲ್ಲ ಎಂದು ಆಮೇಲೆ ಗೊತ್ತಾಯಿತು.

ಹೀಗೆ ದಾವಣಗೆರೆ ಕಡೆಯ ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದೆ. ಮಾವನ ಕೆಲಸಕ್ಕೆ ಇಂಥದ್ದೇ ಎಂಬ ಹೆಸರಿರಲಿಲ್ಲ. ಮಿಕ್ಸಿ, ಬೀಗ, ನಲ್ಲಿ, ಮಂಚದ ಕಾಲು, ಯಾವುದು ಕೆಟ್ಟರೂ ಜನ ನಮ್ಮ ಮನೆಗೇ ಬರುತ್ತಿದ್ದರು. ಅದರಲ್ಲೂ ಮೋಟಾರೆಂದರೆ ಅವರೇ ಆಗಬೇಕು. ಪರಶುರಾಂಪುರದಿಂದ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುವವರೂ ಇದ್ದರು.

ಊರ ಕೆಲಸವೆಲ್ಲ ಮಾಡುವವರ ಮನೆಯಲ್ಲಿ ಸಾಮಾನ್ಯವಾಗಿ ನಲ್ಲಿ ಸೋರುತ್ತಿರುತ್ತದೆ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಅತ್ತೆಗೆ ಮಂಡಿನೋವು ಶುರುವಾದ ವಾರವೇ ಬಚ್ಚಲಲ್ಲಿ ಹಿಡಿದು ಏಳಲು ಕಬ್ಬಿಣದ ಪೈಪು ಬಂತು. ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಮೇಲೆ ಸೋಪು ಹಚ್ಚಿ, ಅತ್ತೆಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಕುಳ್ಳಿ. ನಾನು ಬಂದ ಎಂಟು ದಿನಕ್ಕೆ ಅಡುಗೆಮನೆಯ ಶೆಲ್ಫು ಒಂದು ಗೇಣು ಕೆಳಗಿಳಿಯಿತು. ಅತ್ತೆ, ಗಂಡ ಇಬ್ಬರೂ ಎತ್ತರದವರು, ಅದಕ್ಕೆ ತಲೆ ತಗುಲಿಸಿಕೊಂಡು ಬೈದರು. ಮಾವ ಕಿವಿಗೇ ಹಾಕಿಕೊಳ್ಳಲಿಲ್ಲ. ಕೈಗೆ ಎಟುಕುತ್ತಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಇಂಥವರಿರುವ ಮನೆಗೆ ಬಂದೆನಲ್ಲ ಎಂದು ಅವತ್ತು ಸಂತೋಷದಿಂದ ಕಣ್ಣು ತುಂಬಿತು.

ನನಗಿದ್ದ ಒಂದೇ ತೊಡಕು ಮಾತಿನದು. ಅತ್ತೆ ರಾಯದುರ್ಗದ ಕಡೆಯವರು. ನನ್ನ ಜೊತೆ ಎಲ್ಲರೂ ಕನ್ನಡವೇ, ಅತ್ತೆ ಮಾವನ ನಡುವೆ ಮಾತ್ರ ತೆಲುಗು. ನನಗೆ ತೆಲುಗಿನ ಒಂದಕ್ಷರವೂ ಬರುತ್ತಿರಲಿಲ್ಲ. ತಿಳಿದವಳ ಹಾಗೆ ತಲೆಯಾಡಿಸುವ ಚಟ ಮಾತ್ರ ಧಾರಾಳವಾಗಿತ್ತು.

ಮದುವೆಯಾಗಿ ಆರು ತಿಂಗಳಾಗಿತ್ತು. ಶೇಂಗಾ ಸುಲಿಯುವ ಮಷೀನೊಂದು ರಿಪೇರಿಗೆ ಬಂದು ನಮ್ಮ ಹಿತ್ತಲಲ್ಲಿ ಗೋಡೆಯ ಪಕ್ಕ ನಿಂತಿತ್ತು. ಗಂಡ ಕೆಲಸಕ್ಕೆಂದು ಚಳ್ಳಕೆರೆಗೆ ಹೋಗಿದ್ದರು. ಮಾವ ಎರಡು ಸಲ ಓಡಿಸಿ ನೋಡಿ, ಸದ್ದು ಸರಿಯಿಲ್ಲವೆಂದು ನಿಲ್ಲಿಸಿದ್ದರು. ಗೋಡೆಯ ಸ್ವಿಚ್ಚಿನ ಹತ್ತಿರ, ಅವರ ಬೆನ್ನ ಹಿಂದೆ ನಾನು. ಅವರು ಹೇಳಿದಾಗ ಹಾಕುವುದು, ಹೇಳಿದಾಗ ಆರಿಸುವುದು ನನ್ನ ಕೆಲಸ. ಅವರು ಬೆಲ್ಟಿನ ಮೇಲೆ ಕೈಯಿಟ್ಟು ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಿದ್ದರು, ಅತ್ತೆ ಡಬ್ಬಿಯಿಂದ ಬೇರಿಂಗಿಗೆ ಎಣ್ಣೆ ಬಿಡುತ್ತಿದ್ದರು. ಎಣ್ಣೆ ಹೆಚ್ಚಾಯಿತೇನೋ, ಮಾವ ಗಟ್ಟಿಯಾಗಿ "ಚಾಲು, ಚಾಲು!" ಅಂದರು.

ತೆಲುಗಿನಲ್ಲಿ ಚಾಲು ಅಂದರೆ ಸಾಕು. ನಮ್ಮ ಕಡೆ ಚಾಲೂ ಅಂದರೆ ಶುರು ಮಾಡು ಎಂದರ್ಥ. ನಾನು ಸ್ವಿಚ್ ಹಾಕಿದೆ.

ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬೆಲ್ಟಿಗೂ ಚಕ್ರಕ್ಕೂ ನಡುವೆ ಸಿಕ್ಕಿ ಅರ್ಧಕ್ಕೆ ಹೋದವು. ನಾನು ಕಿರುಚುತ್ತಾ ನಿಂತಿದ್ದೆ, ಓಡಿ ಬಂದು ಸ್ವಿಚ್ ಆರಿಸಿದ್ದು ಅತ್ತೆ. ಟವೆಲ್ಲಿನಲ್ಲಿ ಕೈ ಸುತ್ತಿಕೊಂಡು ಮಾವ ಮೊದಲು ಆಡಿದ ಮಾತು ಅತ್ತೆಗೆ. ನನಗೂ ತಿಳಿಯಲಿ ಎಂದೇ ಕನ್ನಡದಲ್ಲಿ ಹೇಳಿದರು: "ಸ್ವಿಚ್ ಹಾಕಿದ್ದು ನಾನು. ಯಾರ್ ಕೇಳಿದ್ರೂ ಇಷ್ಟೇ."

ಆಸ್ಪತ್ರೆಯಲ್ಲಿ, ಬೀದಿಯಲ್ಲಿ, ನೋಡಲು ಬಂದ ನೆಂಟರ ಮುಂದೆ ಅದೇ ಮಾತು. ಒಂದು ಕೈ ಬೆಲ್ಟಿನ ಮೇಲಿದ್ದುದನ್ನು ಮರೆತು ಇನ್ನೊಂದು ಕೈಯಲ್ಲಿ ಸ್ವಿಚ್ ಹಾಕಿದೆ ಎಂದು ಹೇಳಿಕೊಂಡರು. ಜನ ನಂಬಿದರು. ಅತ್ತೆ ಬಾಯಿ ಬಿಡಲಿಲ್ಲ. ಸಂಜೆ ಗಂಡನಿಗೆ ನಾನೇ ಅಳುತ್ತಾ ಎಲ್ಲ ಹೇಳಿದೆ. ನಾಲ್ಕು ಜನರ ಗುಟ್ಟಾಯಿತು.

ಆ ಸುಳ್ಳಿನಿಂದ ಅವರು ಕಳೆದುಕೊಂಡದ್ದೇನು ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಬೆರಳು ಹೋದದ್ದಕ್ಕೆ ಜನ ಮರುಗಿದರು, ಮೋಟಾರು ತರುವುದನ್ನು ಮಾತ್ರ ಬಿಟ್ಟರು. ಕೈಯಿಟ್ಟುಕೊಂಡೇ ಸ್ವಿಚ್ ಹಾಕುವವರಿಗೆ ಮಷೀನು ಒಪ್ಪಿಸುವವರು ಯಾರು? ಗಾಡಿಗಳು ನಮ್ಮ ಮನೆ ದಾಟಿ ಚಳ್ಳಕೆರೆಗೆ ಹೋದವು. ಮದುವೆಮನೆಗಳಲ್ಲಿ ನೆಂಟರು, "ಮಾವ, ಫ್ಯಾನ್ ಹಾಕ್ಲಾ? ಕೈ ಎಲ್ಲೈತೆ ನೋಡ್ಕ" ಎಂದು ಕಿಚಾಯಿಸುತ್ತಿದ್ದರು. ಮಾವ ತಾವೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬನಿಗಂತೂ ಪಾಯಸದ ಸೌಟು ತೋರಿಸಿ ಬೈದೇ ಬಿಟ್ಟೆ. ಸೊಸೆಗೆ ಬಾಯಿ ಜೋರು ಎಂಬ ಹೆಸರು ಬಂತು. ಬರಲಿ, ಅದು ನಿಜವೇ. ನಾನು ಹೆದರುತ್ತಿದ್ದುದು ಇನ್ನೊಂದು ಹೆಸರಿಗೆ: ಕಾಲಿಟ್ಟ ಆರೇ ತಿಂಗಳಲ್ಲಿ ಮಾವನ ಬೆರಳು ತಿಂದವಳು.

ಎರಡು ವರ್ಷದ ಮೇಲೆ ಒಂದು ಸೋಮವಾರ ಜಟಿಂಗ ರಾಮೇಶ್ವರದ ಬೆಟ್ಟ ಹತ್ತುತ್ತಿದ್ದೆವು. ಮಂಡಿನೋವಿನ ಅತ್ತೆ ಗಂಡನ ಕೈ ಹಿಡಿದು ಮೆಲ್ಲಗೆ ಮುಂದೆ ಹೋಗಿದ್ದರು. ನನ್ನ ಚಪ್ಪಲಿ ಕಿತ್ತುಹೋಗಿ, ಮಾವ ಮೆಟ್ಟಿಲ ಮೇಲೆ ಕೂತು ಅದನ್ನು ತಂತಿಯಿಂದ ಬಿಗಿಯುತ್ತಿದ್ದರು. ಮೋಟು ಬೆರಳಿಂದ ತಂತಿ ಜಾರಿ ಜಾರಿ ಹೋಗುತ್ತಿತ್ತು. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

"ಮಾವ, ಇನ್ನು ನನ್ನ ಕೈಲಾಗಲ್ಲ. ಎಲ್ರಿಗೂ ಹೇಳಿಬಿಡ್ತೀನಿ. ನಿಮ್ಮ ಹೆಸರು ಯಾಕೆ ಕೆಡ್ಬೇಕು?" ಅಂದೆ.

"ಹೇಳಿದ್ರೆ ನಿಂಗೆ ಅಂಟ್ಕಂಡಿದ್ದು ಹೋಗಲ್ಲ ತಾಯಿ. ನಾಳೆ ಮನೇಲಿ ಹಾಲು ಒಡೆದ್ರೂ ನಿನ್ನೇ ಅಂತಾರೆ. ನಂಗೇನು, ಒಂದು ಹತ್ತು ಮೋಟ್ರು ಸರಿ ಮಾಡಿದ್ರೆ ಹೆಸ್ರು ಮತ್ತೆ ಬರ್ತೈತೆ."

"ಬರದಿದ್ರೆ?"

"ಬರದಿದ್ರೆ ನಲ್ಲಿ ಸರಿ ಮಾಡ್ತೀನಿ. ನಾನಿರೋವರ್ಗೂ ಈ ಮಾತು ಎತ್ಬ್ಯಾಡ. ತಗ, ಹಾಕ್ಕಂಡು ನೋಡು."

ಹೆಸರು ಪೂರ್ತಿಯಾಗಿ ಬರಲೇ ಇಲ್ಲ. ಅವರು ನಲ್ಲಿ, ಬೀಗ, ಮಂಚಗಳನ್ನೇ ಸರಿ ಮಾಡುತ್ತಾ ಹೋದರು. ಅದಕ್ಕಾಗಿ ಒಂದು ದಿನವೂ ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ಸಣ್ಣ ಸ್ಕ್ರೂ ಕೈಗೆ ನಿಲ್ಲದಿದ್ದಾಗ ನನ್ನನ್ನು ಕೂಗುತ್ತಿದ್ದರು. ನಾನು ಹಿಡಿಯುತ್ತಿದ್ದೆ, ಅವರು ತಿರುಗಿಸುತ್ತಿದ್ದರು. ಹಾಗೆ ಕೂತು ಕೂತು ಮಿಕ್ಸಿ ಬಿಚ್ಚಿ ಕಟ್ಟುವುದನ್ನು ಕಲಿತೆ, ಜಗಳ ಮಾಡುವಷ್ಟು ತೆಲುಗನ್ನೂ ಕಲಿತೆ. ನನಗೆ ಎರಡು ಮಕ್ಕಳಾದವು. ತೊಟ್ಟಿಲ ಹಗ್ಗವನ್ನು ಎಳೆದು ನೋಡದೆ ಮಾವ ಬೆಳಗಿನ ಕಾಫಿ ಕುಡಿಯುತ್ತಿರಲಿಲ್ಲ. ನನ್ನ ಸಂಸಾರ ಯಾರಿಂದಲೂ ಒಂದು ಕೆಟ್ಟ ಮಾತು ಕೇಳದೆ ನೆಮ್ಮದಿಯಾಗಿ ಬೆಳೆಯಿತು. ಅದು ಅವರು ಕೊಟ್ಟದ್ದು ಎಂಬುದನ್ನು ನಾನು ಒಂದು ದಿನವೂ ಮರೆಯಲಿಲ್ಲ.

ಹೋದ ವರ್ಷ ಮಾವ ತೀರಿಕೊಂಡರು. ಹನ್ನೊಂದನೇ ದಿನದ ಊಟಕ್ಕೆ ಅಂಗಳದಲ್ಲಿ ಪಂಕ್ತಿ ಕೂತಿತ್ತು. ಬಜಾರಿನಲ್ಲಿ ಮೋಟಾರು ಅಂಗಡಿ ಇಟ್ಟಿದ್ದ ಅವರ ಹಳೆಯ ಗೆಳೆಯರೊಬ್ಬರು ಪ್ರೀತಿಯಿಂದಲೇ ಹೇಳಿದರು: "ಅವನಂಥ ಕೈ ಈ ತಾಲ್ಲೂಕಲ್ಲಿ ಇನ್ನೊಂದಿಲ್ಲ. ಆದ್ರೆ ಆ ಒಂದ್ಸಲ ಯಾಮಾರ್ಬಿಟ್ಟ ನೋಡ್ರಿ."

ಪಂಕ್ತಿಯೇ ತಲೆಯಾಡಿಸಿತು. ಹನ್ನೊಂದು ದಿನದಿಂದ ಬಂದವರೆಲ್ಲ ಮಾವನನ್ನು ಹೊಗಳುತ್ತಿದ್ದರು, ಪ್ರತಿ ಹೊಗಳಿಕೆಯ ಬಾಲಕ್ಕೂ ಇಂಥದೊಂದು ‘ಆದರೆ’ ಇರುತ್ತಿತ್ತು. ನಾನು ಸಾರಿನ ಬಕೆಟ್ಟು ಕೆಳಗಿಟ್ಟೆ.

"ಮಾವ ಯಾಮಾರಲಿಲ್ಲ. ಸ್ವಿಚ್ ಹಾಕಿದೋಳು ನಾನು. ಅವರು ಅತ್ತೆಗೆ ಎಣ್ಣೆ ಸಾಕು ಅಂದ್ರು, ನಾನು ಶುರು ಮಾಡು ಅಂತ ತಿಳ್ಕಂಡೆ. ನಂಗೆ ಕೆಟ್ಟ ಹೆಸರು ಬರಬಾರ್ದು ಅಂತ ಎಲ್ಲ ತಮ್ಮ ಮೇಲೆ ಹಾಕ್ಕಂಡ್ರು."

ಅಷ್ಟು ವರ್ಷ ನಾನು ಹೆದರಿದ್ದ ನೋಟಗಳೆಲ್ಲ ಒಟ್ಟಿಗೇ ನನ್ನ ಮೇಲೆ ಬಿದ್ದವು. ಒಬ್ಬಾಕೆ ಬಾಯಿಗೆ ಸೆರಗು ಹಿಡಿದರು. ಗೋಡೆಗೊರಗಿ ಕೂತಿದ್ದ ಅತ್ತೆ ಎದ್ದು ಬಂದು ನನ್ನ ಪಕ್ಕ ನಿಂತರು. "ನಾನೂ ಅಲ್ಲೇ ಇದ್ದೆ. ಇವಳು ಹೇಳಿದ್ದು ನಿಜ. ಇವಳನ್ನ ಒಂದು ಮಾತು ಅನ್ನೋರು ಇನ್ಮೇಲೆ ನಮ್ಮನೆ ಹೊಸ್ಲು ತುಳೀಬ್ಯಾಡ್ರಿ" ಅಂದರು.

ಅಂಗಡಿಯ ಆ ಗೆಳೆಯರ ಕೈಯಲ್ಲಿದ್ದ ತುತ್ತು ಎಲೆಗೆ ವಾಪಸು ಹೋಯಿತು. "ಮೋಟ್ರು ಅವನ ಕೈಗೆ ಕೊಡ್ಬ್ಯಾಡ್ರಿ ಅಂತ ಜನಕ್ಕೆ ಹೇಳ್ದೋನು ನಾನೇ ಕಣಮ್ಮ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಆಮೇಲೆ ಹಾರ ಹಾಕಿಟ್ಟಿದ್ದ ಮಾವನ ಫೋಟೋದ ಕಡೆ ತಿರುಗಿ, "ನನಗಾದ್ರೂ ಹೇಳ್ಬಾರ್ದಿತ್ತೇನಲೇ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಂಡು, ಮಾವ ಬರಿಯ ಸದ್ದು ಕೇಳಿ ಮೋಟಾರಿನ ದೋಷ ಹೇಳುತ್ತಿದ್ದುದನ್ನು ಪಕ್ಕದವರಿಗೆ ವಿವರಿಸತೊಡಗಿದರು. ಎದುರು ಕೂತಿದ್ದವರೊಬ್ಬರು ತಮ್ಮ ತೋಟದ ಪಂಪಿನ ಕಥೆ ತೆಗೆದರು. ಅದು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡಿದರು. ನಾನು ಬಕೆಟ್ಟು ಎತ್ತಿಕೊಂಡು ಮತ್ತೊಂದು ಸುತ್ತು ಸಾರು ಬಡಿಸಿದೆ. ಬೇಕೆಂದೇ ನಿಧಾನವಾಗಿ ಬಡಿಸುತ್ತಾ, ಒಂದೊಂದು ಮಾತನ್ನೂ ಕೊನೆಯವರೆಗೆ ಕೇಳಿಸಿಕೊಂಡೆ. ಯಾರೂ ‘ಆದರೆ’ ಅನ್ನಲಿಲ್ಲ.