ಸತ್ತ ತಾಯಿ ರೊಟ್ಟಿ ಬಡಿಯುವ ರೀಲು

ಬಾದಾಮಿಯ ತಗಡಿನ ಟಾಕೀಸಿನ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ಏಣಿ ಹತ್ತಿ ಹೋಗಬೇಕಾದ ಪುಟ್ಟ ಕೋಣೆಯಲ್ಲಿ ಆಪರೇಟರ್ ಗೌಸಸಾಬ ರೀಲು ಸುತ್ತುತ್ತಿದ್ದಾರೆ. ಬಲಗೈ ಚಕ್ರ ತಿರುಗಿಸುತ್ತದೆ. ಎಡಗೈಯ ಎರಡು ಬೆರಳು ಫಿಲ್ಮಿನ ಅಂಚು ಸವರುತ್ತ ಹರಿದ ತೂತುಗಳನ್ನು ಹುಡುಕುತ್ತವೆ. ಮೇಲೆ ತಗಡು ಧಡ್ ಎನ್ನುತ್ತದೆ. ಕೈ ನಿಲ್ಲುತ್ತದೆ. ಇನ್ನೊಂದು ಸದ್ದು, ಅದರ ಹಿಂದೆಯೇ ಯಾರೋ ಓಡಿದಂತೆ. ಗುಡ್ಡದಿಂದ ಇಳಿದು ಬಂದ ಮಂಗಗಳು.

“ಮಂಗ್ಯಾ ಅಂತ ಗೊತ್ತೈತ್ರಿ,” ಎನ್ನುತ್ತಾರೆ ಅವರು, ಮತ್ತೆ ಚಕ್ರಕ್ಕೆ ಕೈ ಹಾಕುತ್ತ. “ಆದ್ರ ಎದಿಗೆ ಗೊತ್ತಾಗೂದಿಲ್ಲ.”

ಶುಕ್ರವಾರ ಇದೇ ತಗಡಿನ ಮೇಲೆ ಬಿದ್ದದ್ದು ಕಲ್ಲು. ಇಂದು ರವಿವಾರ. ಸಂಜೆ ಮತ್ತೆ ಅದೇ ಚಿತ್ರ, ಅದೇ ಜನ. ಇವತ್ತೂ ಗಲಾಟೆಯಾದರೆ ನಾಳೆಯಿಂದ ಬರಬೇಡ ಎಂದು ಟಾಕೀಸಿನ ಮಾಲಕ ಹೊಳಬಸಪ್ಪ ಹೇಳಿಬಿಟ್ಟಿದ್ದಾರೆ.

ಗೌಸಸಾಬ ಇಳಕಲ್ಲಿನವರು. ತಂದೆಯದು ಮಗ್ಗದ ಮನೆ. ಅದೇ ಊರಿನ ಡೇರೆ ಟಾಕೀಸಿನಲ್ಲಿ ಮಷಿನ್ನು ಒರೆಸಲು ಸೇರಿದವರು ಅದರ ದೀಪದ ಕಾರ್ಬನ್ ಕಡ್ಡಿ ಹೊತ್ತಿಸುವುದನ್ನು ಕಲಿತರು, ಲೈಸೆನ್ಸು ಪಡೆದರು, ಡೇರೆಯ ಹಿಂದೆ ಊರೂರು ತಿರುಗಿ ಕಡೆಗೆ ಇಲ್ಲಿ ನಿಂತರು. ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಕಲೆಗಳಿವೆ. ಕಡ್ಡಿಯ ಹೊಗೆ ಕುಡಿದೂ ಕುಡಿದೂ ಕೆಮ್ಮು ಕಾಯಂ ಆಗಿದೆ. ಬೇಸಿಗೆಯಲ್ಲಿ ತಗಡಿನ ಕೆಳಗಿನ ಆ ಕೋಣೆ ಒಲೆಯೇ ಸರಿ. ದಿನಕ್ಕೆ ಎರಡು ಆಟ. ಅಷ್ಟೊಂದು ಚಿತ್ರ ಓಡಿಸಿದವರು ಒಂದನ್ನೂ ಕೆಳಗೆ ಕೂತು ನೋಡಿದವರಲ್ಲ. ಹೆಂಡತಿ ಕಾಸಿಂಬಿ ಇದೇ ಟಾಕೀಸಿನಲ್ಲಿ ಹೆಂಗಸರ ಕಡೆಯ ಬಾಗಿಲು ಕಾಯುತ್ತಾರೆ. ಗಂಡಸರಿಗೂ ಹೆಂಗಸರಿಗೂ ನಡುವೆ ಇರುವುದು ಸೊಂಟದೆತ್ತರದ ಒಂದು ಮಣ್ಣಿನ ಗೋಡೆ ಮಾತ್ರ. ಗಲಾಟೆಯೆಂದರೆ ಗೌಸಸಾಬರ ಕಣ್ಣು ಮೊದಲು ಓಡುವುದು ಆ ಗೋಡೆಯ ಕಡೆಗೆ.

ಈ ವಾರ ಬರಬೇಕಿದ್ದ ಹೊಡೆದಾಟದ ಚಿತ್ರ ಬರಲಿಲ್ಲ. ಬದಲಿಗೆ ಹುನಗುಂದದಲ್ಲಿ ಓಡಿ ಮುಗಿದ ಪ್ರಶಸ್ತಿಯ ಚಿತ್ರವೊಂದು ಬಸ್ಸಿನ ಮೇಲೆ ಬಂದಿಳಿಯಿತು. ಟಾಕೀಸು ಖಾಲಿ ಬಿಡುವುದಕ್ಕಿಂತ ಇದೇ ಇರಲಿ ಎಂದರು ಹೊಳಬಸಪ್ಪ. ಹಾಡಿಲ್ಲ, ಹೊಡೆದಾಟವಿಲ್ಲ. ಒಬ್ಬ ಮನುಷ್ಯ ತನ್ನ ಮನೆಯ ಬಾಗಿಲನ್ನು ಕಿತ್ತು ಬೆನ್ನ ಮೇಲೆ ಹೊತ್ತುಕೊಂಡು, ಅದಕ್ಕೊಪ್ಪುವ ಮನೆ ಹುಡುಕುತ್ತ ಹೊಲಗಳಲ್ಲಿ ನಡೆಯುತ್ತಾನೆ. ಬತ್ತಿದ ಬಾವಿಯಿಂದ ಹಾಸಿಗೆ ಸೇದುತ್ತಾನೆ. ಅವನಿಗೊಬ್ಬ ತಾಯಿ.

ಪೆಟ್ಟಿಗೆ ಬಿಚ್ಚಿದಾಗಲೇ ಗೌಸಸಾಬರಿಗೆ ಅಳುಕಾಯಿತು. ಪ್ರತಿ ರೀಲಿನ ತಲೆಗೆ ಅಂಕಿ ಬರೆದ ಒಂದು ಕರಿಪಟ್ಟಿ ಇರುತ್ತದೆ. ಎರಡು ರೀಲು ಕೂಡಿಸಿ ಒಂದಾಗಿ ಓಡಿಸುವ ಆಪರೇಟರು ಆ ಪಟ್ಟಿ ಕತ್ತರಿಸುತ್ತಾನೆ, ಕಳಿಸುವಾಗ ಮತ್ತೆ ಅಂಟಿಸುತ್ತಾನೆ. ಅದು ಈ ಕಸುಬಿನ ರೀತಿ. ಇಲ್ಲಿ ಎರಡು ರೀಲಿಗೆ ತಲೆಯೇ ಇರಲಿಲ್ಲ. ಹೊರಗಿನ ಡಬ್ಬಿಗಳ ಚೀಟಿಯೂ ಕಿತ್ತುಹೋಗಿತ್ತು.

ಬೇರೆ ಚಿತ್ರವಾಗಿದ್ದರೆ ನಾಯಕಿಯ ಸೀರೆ, ನಾಯಕನ ತಲೆಯ ಗಾಯದ ಪಟ್ಟಿ, ಯಾವುದಾದರೊಂದು ಗುರುತು ಹಿಡಿದು ಹಿಂದುಮುಂದು ಹೇಳಬಹುದಿತ್ತು. ಈ ಚಿತ್ರದ ತಾಯಿಗೆ ಮೊದಲಿಂದ ಕಡೆತನಕ ಒಂದೇ ಸೀರೆ. ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿದರು. ಒಂದರಲ್ಲಿ ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಇನ್ನೊಂದರಲ್ಲಿ ಅವಳ ಹೆಣ ಅಂಗಳದಲ್ಲಿದೆ. ರೊಟ್ಟಿಯದನ್ನು ಮುಂದೆ ಇಟ್ಟರು, ಹೆಣದ್ದನ್ನು ಹಿಂದೆ. ಯಾರಾದರೂ ಹಾಗೆಯೇ ಇಡುತ್ತಿದ್ದರು.

ಆದರೂ ಶುಕ್ರವಾರ ಅರ್ಧ ಆಟಕ್ಕೇ ಜನ ಎರಡಾದರು. ಕಿರಾಣಿ ಅಂಗಡಿಯ ಈರಪ್ಪ ಎದ್ದು ನಿಂತು, ಇದು ಚಿತ್ರವಲ್ಲ, ಆಪರೇಟರು ಕಲಸಿದ ಹಿಟ್ಟು ಎಂದು ಕೂಗಿದರು. ಬಾಗಲಕೋಟೆಯಿಂದ ಗೆಳೆಯರೊಂದಿಗೆ ಬಂದಿದ್ದ ಮಾಸ್ತರ ಅನಂತ, ಇದು ಇರುವುದೇ ಹೀಗೆ, ಕನಸು ಸಾಲಾಗಿ ಬೀಳುತ್ತದೆಯೇ ಎಂದು ವಾದಿಸಿದರು. ಮನೆ ಬಿಟ್ಟು ಬರೀ ಬಾಗಿಲು ಹೊರುವವನನ್ನು ನೋಡಲು ಬಾಗಲಕೋಟೆಯಿಂದ ಬಂದವರ ಕನಸು ಎಂಥದಿರಬೇಕು ಎಂದು ಯಾರೋ ಕೆಣಕಿದರು. ನಗು ಏಳುವಷ್ಟರಲ್ಲಿ ಕುರ್ಚಿ ಎದ್ದವು. ಹೊರಗಿನಿಂದ ಕಲ್ಲು ಬಂದವು. ಕೋಣೆಯೊಳಗೆ ಚಿಲಕ ಹಾಕಿಕೊಂಡು ಕೂತ ಗೌಸಸಾಬರಿಗೆ ಕಲ್ಲಿಗಿಂತ ಈರಪ್ಪನವರ ಮಾತು ಹೆಚ್ಚು ತಾಗಿತು. ನಿಜಕ್ಕೂ ತಾನೇ ಕಲಸಿದ್ದರೆ?

ಶನಿವಾರ ಮುಂಜಾನೆ ಬಸ್ಸು ಹತ್ತಿ ಹುನಗುಂದಕ್ಕೆ ಹೋದರು. ಅಲ್ಲಿಯ ಆಪರೇಟರು ಅಬ್ದುಲಸಾಬ ಹಳೆಯ ಗೆಳೆಯ. ಪಟ್ಟಿ ಕತ್ತರಿಸಿ ಕಳೆದವನು ಅವನೇ. ಬೈಯಬೇಕೆಂದು ಹೋದವರು ಬೈಯಲಿಲ್ಲ, ಅವನ ಹಿಂದೆ ಹರಿದು ಹೊಲಿಗೆ ಹಾಕಿದ ಪರದೆ ಕಾಣುತ್ತಿತ್ತು.

“ಮೊದ್ಲ ಸಾಯ್ತಾಳೋ,” ಎಂದ ಅಬ್ದುಲಸಾಬ. “ಆಮ್ಯಾಲ ಎದ್ದು ರೊಟ್ಟಿ ಬಡೀತಾಳ. ಪಟ್ಟೀ ಮ್ಯಾಲಿನ ಅಂಕಿ ನಾನ ನೋಡೀನಿ. ಹಂಗ ಓಡ್ಸಿದ್ದಕ್ಕ ಈ ಪರದೆ ಹರದ್ರು. ನೀ ಹೆಂಗ ಇಟ್ಟೀದಿ, ಹಂಗ ಇರಲಿ ಬಿಡು.”

ಊರಿಗೆ ಬಂದು ಹೇಳಿದಾಗ ಹೊಳಬಸಪ್ಪನವರೂ ಅದನ್ನೇ ಹೇಳಿದರು. ಬದುಕಿದ್ದವಳು ರೊಟ್ಟಿ ಬಡಿದರೇ ಕಲ್ಲು ಬಿದ್ದಿವೆ, ಸತ್ತವಳು ಬಡಿದರೆ ಬೆಂಕಿ ಬೀಳುತ್ತದೆ ಎಂದರು. ಶನಿವಾರದ ಎರಡೂ ಆಟ ಹಳೆಯ ಸಾಲಿನಲ್ಲೇ ಓಡಿದವು. ಬಂದವರು ಕಡಿಮೆ, ಬೈದುಕೊಂಡು ಹೋದರು, ಕಲ್ಲು ಬೀಳಲಿಲ್ಲ. ಗೌಸಸಾಬರಿಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

“ಗೊತ್ತಿಲ್ದ ಮಾಡಿದ್ದು ಬ್ಯಾರೆರಿ,” ಎನ್ನುತ್ತಾರೆ ಈಗ, ರವಿವಾರ ಮುಂಜಾನೆ. “ಗೊತ್ತಾದ ಮ್ಯಾಲೂ ತಿರುವಿ ಓಡಿಸಿದ್ರ ಈರಪ್ಪ ಅಂದಿದ್ದ ಖರೆ ಆಗ್ತೈತಿ.”

ಸುತ್ತಿ ಮುಗಿದ ಎರಡು ರೀಲುಗಳ ಜಾಗ ಅದಲುಬದಲು ಮಾಡಿ ಇಡುತ್ತಾರೆ. ಮಾಲಕರಿಗೆ ಹೇಳಿಲ್ಲ. ಕಾಸಿಂಬಿಗೆ ಮಾತ್ರ ಹೇಳಿದ್ದಾರೆ, ಇಂದು ಹೆಂಗಸರ ಬಾಗಿಲಿಗೆ ಅಗಳಿ ಹಾಕಬೇಡ, ಬರಿದೇ ಮುಚ್ಚಿಡು, ಗಲಾಟೆಯಾದರೆ ಎಲ್ಲರೂ ಹೊರಗೆ ಹೋಗುವಂತಿರಲಿ ಎಂದು.

ಸಂಜೆಯ ಆಟಕ್ಕೆ ಜನ ಕಿಕ್ಕಿರಿದಿದ್ದಾರೆ. ಜಗಳ ನೋಡಲು ಬಂದವರೇ ಹೆಚ್ಚು. ಅಂಗಳದಲ್ಲಿ ಹೆಣ ಮಲಗಿದ ರೀಲು ಮುಗಿಯುತ್ತದೆ. ಗೌಸಸಾಬ ಮುಂದಿನದನ್ನು ಏರಿಸಿ ಗೋಡೆಯ ಕಿಂಡಿಗೆ ಮುಖ ಒಡ್ಡುತ್ತಾರೆ. ಪರದೆಯ ಮೇಲೆ ಅದೇ ಸೀರೆಯ ಅದೇ ತಾಯಿ ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಾಳೆ.

“ಸತ್ತಾಕಿ ಎದ್ದು ಕುಂತಾಳಲೇ,” ಎನ್ನುತ್ತಾರೆ ಈರಪ್ಪ.

ಸಿಳ್ಳು, ನಗು, ಕುರ್ಚಿಯ ಸದ್ದು. ಯಾರೋ ಏಣಿ ಹತ್ತಿ ಬಂದು ಕೋಣೆಯ ಬಾಗಿಲು ಬಡಿಯತೊಡಗುತ್ತಾರೆ. ಹೊಳಬಸಪ್ಪನವರೋ ಬೇರೆಯವರೋ ತಿಳಿಯುವುದಿಲ್ಲ. ಗೌಸಸಾಬರ ಕೈ ದೀಪದ ಮುಂದಿನ ಮುಚ್ಚಳಕ್ಕೆ ಹೋಗುತ್ತದೆ. ಅದನ್ನು ಇಳಿಸಿ, ಫಿಲ್ಮು ತುಂಡಾಯಿತು ಎಂದರೆ ಮುಗಿಯಿತು. ಕೈ ಹಾಗೆಯೇ ಹಿಂದೆ ಬರುತ್ತದೆ.

ಕಿಂಡಿಯಲ್ಲಿ ಹೆಂಗಸರ ಕಡೆ ನೋಡುತ್ತಾರೆ. ಒಬ್ಬರೂ ಎದ್ದಿಲ್ಲ. ಕಾಯಿಪಲ್ಲೆ ಮಾರುವ ಸಿದ್ದಲಿಂಗವ್ವನ ದನಿ ಗೋಡೆ ದಾಟಿ ಗಂಡಸರತ್ತ ಹೋಗುತ್ತದೆ.

“ಸುಮ್ಮ ಕುಂದರ್ರೋ. ನಮ್ಮವ್ವ ಸತ್ತು ವರ್ಷಾತು. ದಿನಾ ಮುಂಜಾನೆ ಬಂದು ಒಲೀ ಮುಂದ ಕುಂದರ್ತಾಳ. ನಿಮ್ಮ ಮನ್ಯಾಗ ಯಾರೂ ಬರೂದಿಲ್ಲೇನು?”

ಗಂಡಸರ ಕಡೆ ಅರ್ಧ ಜನ ಕೂತರು. ಅರ್ಧ ಜನ ಹೊರಗೆ ಹೋಗಿ ತಗಡಿಗೆ ಕಲ್ಲು ಹೊಡೆದರು. ಚಿತ್ರ ಕಡೆಯ ರೀಲಿನವರೆಗೂ ಓಡಿತು. ಹೊರಬಂದ ಮೇಲೂ ವಾದ ನಿಲ್ಲಲಿಲ್ಲ. ಇಂಥ ಚಿತ್ರ ಮಾಡಿದವನನ್ನು ಊರಿಗೆ ಕರೆಸಿ ಕೇಳಬೇಕು ಎಂದು ಈರಪ್ಪ, ಇನ್ನೊಮ್ಮೆ ನೋಡಬೇಕು ಎಂದು ಅವರ ತಮ್ಮ. ಮನೆಗೆ ಹೋಗುವಾಗ ಕಾಸಿಂಬಿಯೂ ತನ್ನ ಮಾತು ಹೇಳಿದರು. “ನನಗ ನಿಮ್ಮ ಶುಕ್ರವಾರದ್ದ ಚಲೋ ಇತ್ತು. ರೊಟ್ಟಿ ಬಡದು, ಮಗನಿಗೆ ಉಣಿಸಿ ಸತ್ಲು. ನೆಮ್ಮದಿ ಆಗಿತ್ತು.”

ಸೋಮವಾರ ಬೆಳಿಗ್ಗೆ ಗೌಸಸಾಬ ಬಸ್‌ಸ್ಟ್ಯಾಂಡಿನಲ್ಲಿದ್ದಾರೆ. ಪೆಟ್ಟಿಗೆ ಇಂದು ಇಳಕಲ್ಲಿಗೆ ಹೋಗಬೇಕು. ಬಾ ಎಂದಾಗಲಿ ಬರಬೇಡ ಎಂದಾಗಲಿ ಹೊಳಬಸಪ್ಪ ಇನ್ನೂ ಹೇಳಿಲ್ಲ. ರಾತ್ರಿ ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿ ಹೋದರಂತೆ, ಅಷ್ಟೆ. ಬಸ್ಸಿನ ಸದ್ದಾದಾಗಲೆಲ್ಲ ಗೌಸಸಾಬ ತಿರುಗಿ ಟಾಕೀಸಿನ ದಾರಿ ನೋಡುತ್ತಾರೆ, ಯಾರಾದರೂ ಕರೆಯಲು ಬಂದರೋ ಎಂದು. ಪೆಟ್ಟಿಗೆ ಬಸ್ಸಿನ ಮೇಲೇರುವ ಮೊದಲು ಅದರ ಬೀಗ ಇನ್ನೊಮ್ಮೆ ಜಗ್ಗಿ ನೋಡುತ್ತಾರೆ. ತಲೆಯಿಲ್ಲದ ಎರಡೂ ರೀಲಿಗೆ ಹೊಸ ಕರಿಪಟ್ಟಿ ಅಂಟಿಸಿ, ಹೆಣದ್ದು ಮೊದಲು, ರೊಟ್ಟಿಯದು ಆಮೇಲೆ ಬರುವಂತೆ ಸೂಜಿಯಿಂದ ಅಂಕಿ ಕೆತ್ತಿದ್ದಾರೆ.

“ಇಳಕಲ್ಲಾಗೂ ಬೈತಾರ್ರಿ, ಬಿಡೂದಿಲ್ಲ,” ಎನ್ನುತ್ತಾರೆ. “ಚಿತ್ರಾ ಮಾಡಿದವಗ ಬೈಲಿ. ಆಪರೇಟರ್‌ಗೆ ಬೈಬಾರ್ದು ನೋಡ್ರಿ.”