ರಾಕೆಟ್ಟಿನ ವಿಮೆಯೂ ಮೂರು ದಿನದ ಕರುವೂ

ನಾನು ಮಂಡ್ಯದಲ್ಲಿ ಮೂವತ್ತು ವರ್ಷ ವಿಮಾ ಸರ್ವೇಯರ್ ಆಗಿದ್ದವನು. ಕಬ್ಬಿನ ಲಾರಿ ಮಗುಚಿದರೆ, ಆಲೆಮನೆಗೆ ಬೆಂಕಿ ಬಿದ್ದರೆ, ಟ್ರಾಕ್ಟರು ನಾಲೆಗಿಳಿದರೆ ಅಲ್ಲಿಗೆ ಹೋಗಿ, ಗಂಭೀರವಾಗಿ ತಲೆಯಾಡಿಸಿ, ಊರಿನವರೆಲ್ಲ ಕಣ್ಣಾರೆ ಕಂಡದ್ದನ್ನೇ ಮೂರು ಪ್ರತಿಗಳಲ್ಲಿ ಬರೆದುಕೊಡುವುದು ನನ್ನ ಉದ್ಯೋಗ. ನಿವೃತ್ತನಾದ ಮೇಲೆ ಆಕಾಶ ನೋಡಿಕೊಂಡು ಕಾಲ ಕಳೆಯುತ್ತೇನೆಂದು ಹೆಂಡತಿಗೆ ಹೇಳಿದ್ದೆ. ಆಕಾಶ ಅದನ್ನು ಕೇಳಿಸಿಕೊಂಡಿತೆಂದು ಕಾಣುತ್ತದೆ.

ಮದ್ದೂರಿನಿಂದ ಒಬ್ಬ ಹುಡುಗಿ ಮನೆಗೆ ಬಂದಳು. ಅವಳ ತಂದೆ ಲೇತ್ ಮೆಷಿನ್ನಿನ ಸಾಬರು, ನನಗೆ ಹಳೆಯ ಪರಿಚಯ. ಮಗಳು ಎಂಜಿನಿಯರಿಂಗ್ ಓದಿ, ಮೂವರು ಗೆಳೆಯರೊಂದಿಗೆ ರಾಕೆಟ್ ಕಂಪನಿ ಕಟ್ಟಿದ್ದಳು. ಮುಂದೆ ಸಮುದ್ರ ತೀರದಿಂದ ಬೇರೆಯವರ ಉಪಗ್ರಹಗಳನ್ನು ಮೇಲೆ ಕಳಿಸುವುದು ಅವರ ಉದ್ದೇಶ. ಅದಕ್ಕೆ ಮೊದಲು ಎರಡಾಳುದ್ದದ ಪರೀಕ್ಷಾ ರಾಕೆಟ್ಟೊಂದನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹತ್ತಿರದ ಬಯಲಿನಿಂದ ಹಾರಿಸಿ ತೋರಿಸಬೇಕಿತ್ತು.

“ಸಾರ್, ಇನ್ಶೂರೆನ್ಸ್ ಇಲ್ದೆ ಪರ್ಮಿಶನ್ ಕೊಡಲ್ಲ. ಅಪಾಯ ಎಷ್ಟಿದೆ ಅಂತ ನೋಡಿ ಬರ್ಕೊಡೋರಿಲ್ದೆ ಇನ್ಶೂರೆನ್ಸ್ ಕೊಡಲ್ಲ. ಈ ಕಡೆ ಅದನ್ನ ನೋಡೋರು ನೀವೊಬ್ರೇ.”

“ನಾನು ನೋಡಿರೋದೆಲ್ಲ ಕೆಳಗೆ ಬಿದ್ದದ್ದು ಕಣಮ್ಮ. ಮೇಲೆ ಹೋಗೋದು ನಂಗೊತ್ತಿಲ್ಲ.”

“ನಮ್ದೂ ಬೀಳ್ತದೆ ಸಾರ್. ಅದಕ್ಕೇ ಕೇಳ್ತಿರೋದು.”

ಕನ್ನಡಕ ಒರೆಸಿಕೊಂಡು ಕಾನೂನು ಓದಲು ಕೂತೆ.

ಲಾರಿಯ ವಿಷಯದಲ್ಲಿ ತಪ್ಪು ಯಾರದೆಂದು ವರ್ಷಗಟ್ಟಲೆ ಜಗಳವಾಡಬಹುದು. ಬಾಹ್ಯಾಕಾಶದ ವಿಷಯದಲ್ಲಿ ಆ ಸುಖವಿಲ್ಲ. ಹಾರಿಸಿದ ವಸ್ತು ಬೇರೊಂದು ದೇಶದ ನೆಲದ ಮೇಲೆ ಬಿದ್ದು ಹಾನಿಯಾದರೆ, ತಪ್ಪಿರಲಿ ಬಿಡಲಿ, ಹಾರಿಸಿದ ದೇಶವೇ ಹೊಣೆ ಎಂದು ದೇಶದೇಶಗಳು ಕೂತು ಒಪ್ಪಿಕೊಂಡಿವೆ. ಹೊಣೆ ಹೊತ್ತ ದೇಶ ಸುಮ್ಮನಿರುತ್ತದೆಯೇ? ಕಂಪನಿಯತ್ತ ತಿರುಗಿ ವಿಮೆ ಎಲ್ಲಿ ಎನ್ನುತ್ತದೆ. ಕಂಪನಿ ವಿಮೆಯವರತ್ತ ನೋಡುತ್ತದೆ, ವಿಮೆಯವರು ಸರ್ವೇಯರನತ್ತ. ಹೀಗೆ ಬ್ರಹ್ಮಾಂಡದ ಭಾರ ಇಳಿದಿಳಿದು ಮಂಡ್ಯದ ನನ್ನ ಮಡಚುವ ಕುರ್ಚಿಯ ಮೇಲೆ ಬಂದು ಕೂತಿತು. ಹುಡುಗಿಯ ರಾಕೆಟ್ಟು ಬಾಹ್ಯಾಕಾಶದ ಹೊಸ್ತಿಲನ್ನೂ ಮುಟ್ಟುವಂಥದ್ದಲ್ಲ. ಆದರೂ ಅದಕ್ಕೂ ಅದೇ ಶಿಸ್ತು, ಅದೇ ಕಾಗದ.

ವಿಮಾ ಕಚೇರಿಯವರು ಬೇರೆ ಫಾರಂ ಸಿಗದೆ ವಾಹನದ ಫಾರಂ ಕಳಿಸಿದ್ದರು. ‘ವಾಹನವು ಎಷ್ಟು ಬಾರಿ ಅಪಘಾತಕ್ಕೀಡಾಗಿದೆ?’ ಎಂಬಲ್ಲಿ ಹುಡುಗಿ ‘ಇನ್ನೂ ಹೊರಟಿಲ್ಲ’ ಎಂದು ಬರೆದಳು. ಅಂಥ ಪ್ರಾಮಾಣಿಕ ಉತ್ತರವನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ನನ್ನ ಪಾಲಿನ ಮುಖ್ಯ ಕೆಲಸ ನಕ್ಷೆಯ ಮೇಲೆ ಅಪಾಯದ ವೃತ್ತ ಎಳೆಯುವುದು. ವೃತ್ತದೊಳಗೆ ಖಾಲಿ ಕಟ್ಟಡವಿದ್ದರೆ ಚಿಂತೆಯಿಲ್ಲ. ಮನುಷ್ಯರೋ ದನಕರುವೋ ಇದ್ದರೆ ಪಾಲಿಸಿ ಇದ್ದೂ ಇಲ್ಲದಂತೆ. ಎಳೆದೆ. ಅಂಚಿನಿಂದ ಸ್ವಲ್ಪ ಆಚೆಗೆ ಒಂದೇ ಒಂದು ಮನೆ ಇತ್ತು. ಅಷ್ಟು ಹತ್ತಿರವಿದ್ದದ್ದರಿಂದ ಅಲ್ಲಿದ್ದ ಅಜ್ಜಿಯ ಒಪ್ಪಿಗೆ ಬೇಕಿತ್ತು.

ಹಾರಿಸಲು ಸಿಕ್ಕ ಅನುಮತಿ ಒಂದೇ ಬೆಳಗ್ಗೆ, ಏಳರಿಂದ ಒಂಬತ್ತರವರೆಗೆ. ಅದು ತಪ್ಪಿದರೆ ಎಲ್ಲವೂ ಮೊದಲಿನಿಂದ. ಅಷ್ಟರಲ್ಲಿ ಅವರಿಗೆ ಮೊದಲ ಉಪಗ್ರಹ ಕೊಡಲು ಒಪ್ಪಿದ್ದವರು ಬೇರೆ ಕಂಪನಿ ನೋಡಿಕೊಳ್ಳುತ್ತಾರೆ, ನಾಲ್ವರೂ ಬೇರೆ ಕೆಲಸ ಹುಡುಕಿಕೊಳ್ಳಬೇಕಾಗುತ್ತದೆ. ಹುಡುಗಿ ಇದನ್ನು ಅಳದೆ ಹೇಳಿದಳು. ಅತ್ತಿದ್ದರೆ ನಾನು ತಪ್ಪಿಸಿಕೊಳ್ಳಬಹುದಿತ್ತು.

ಹಿಂದಿನ ದಿನ ಸಂಜೆ ಅಜ್ಜಿಯ ಮನೆಗೆ ಹೋದೆವು. ಅಜ್ಜಿ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನಾನು ಮೂರನೆಯವರ ಹಕ್ಕು, ಪರಿಹಾರ, ಹೊಣೆ ಎಂದು ಪಾಲಿಸಿಯನ್ನು ಪುರಾಣದಂತೆ ಓದಿದೆ.

“ಓದಿದ್ದಾಯ್ತಾ?” ಎಂದರು. “ಏನೂ ಆಗಕಿಲ್ಲ ಅಂತ ಬರ್ದಿರೋದು ಯಾರು?”

“ನಾನೇ.”

“ಅಂಗಾರೆ ನಾಳಿಕೆ ನೀನೇ ಬಂದು ನಮ್ ಕೊಟ್ಟಿಗೇಲಿ ಕುಂತ್ಕೊ. ನೀನು ಕುಂತ್ಮ್ಯಾಲೆ ಎಬ್ಬೆಟ್ಟು ಒತ್ತೀನಿ.”

ಆ ಕಡೆ ಬಾವಿ ತೋಡುವಾಗ ಬಂಡೆ ಸಿಕ್ಕರೆ ಮದ್ದಿಟ್ಟು ಸಿಡಿಸುತ್ತಿದ್ದರು. ಸಿಡಿಯುವ ಹೊತ್ತಿಗೆ ಮದ್ದಿನ ಕಂಟ್ರಾಕ್ಟರು ಪಕ್ಕದ ಮನೆಯ ಜಗುಲಿಯ ಮೇಲೆ ಕೂತಿರಬೇಕು. ಕಲ್ಲು ಹಾರಿ ಬಂದರೆ ಮೊದಲು ಅವನಿಗೇ ಬರಲಿ ಎಂದು. ದೇಶದೇಶಗಳು ಬರೆದ ಒಪ್ಪಂದಕ್ಕಿಂತ ಇದು ಚಿಕ್ಕದು, ಸ್ಪಷ್ಟವಾದದ್ದು. ವಕೀಲರಿಗೆ ಜಾಗವೇ ಇಲ್ಲ. ಒಪ್ಪಿಕೊಂಡೆ.

ಮರುದಿನ ಆರು ಗಂಟೆಗೆ ಕೊಟ್ಟಿಗೆಯಲ್ಲಿ ಬೂಸದ ಡಬ್ಬದ ಮೇಲೆ ವಿಮಾರಂಗದ ಪ್ರತಿನಿಧಿಯಾಗಿ ಆಸೀನನಾದೆ. ಎದುರಿಗೆ ಒಂದು ಹಸು, ಅದರ ಮೂರು ದಿನದ ಕರು. ಹಸು ನನ್ನನ್ನು ದಿಟ್ಟಿಸಿದ ರೀತಿ ನೋಡಿದರೆ ಅದಕ್ಕೂ ನನ್ನ ವರದಿಯ ಮೇಲೆ ಅಷ್ಟೊಂದು ಭರವಸೆ ಇರಲಿಲ್ಲ.

ಮಾಡಲು ಕೆಲಸವಿಲ್ಲದೆ ಬಯಲಿನತ್ತ ನೋಡುತ್ತ ಕೂತಾಗ ರಾಕೆಟ್ಟು ಇರಬೇಕಾದ್ದಕ್ಕಿಂತ ಹತ್ತಿರ ಕಂಡಿತು. ಕಸುಬಿನ ಚಾಳಿ, ಎದ್ದು ಹೆಜ್ಜೆ ಹಾಕಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ನಾನು ಮಂಡ್ಯದಲ್ಲಿ ಕೂತು ಹಳೆಯ ನಕ್ಷೆಯ ಮೇಲೆ ಅಳೆದದ್ದು ಹೆಂಚಿನ ಮನೆಯನ್ನು. ಕೊಟ್ಟಿಗೆಯನ್ನು ಅಜ್ಜಿ ಆಮೇಲೆ ಬಯಲಿನ ಕಡೆಗೆ ಕಟ್ಟಿಸಿದ್ದರು. ಕೊಟ್ಟಿಗೆ, ಹಸು, ಕರು, ನಾನು, ಎಲ್ಲರೂ ವೃತ್ತದ ಅಂಚಿನಿಂದ ನಲವತ್ತು ಹೆಜ್ಜೆ ಒಳಗಿದ್ದೆವು.

ಏಳಕ್ಕೆ ಹತ್ತು ನಿಮಿಷವಿತ್ತು. ಇದು ನನ್ನೊಬ್ಬನಿಗೇ ಗೊತ್ತಿತ್ತು. ಸುಮ್ಮನೆ ಹೋಗಿ ಡಬ್ಬದ ಮೇಲೆ ಕೂತರೆ ಕೇಳುವವರಿರಲಿಲ್ಲ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು, ಒಂದು ನಿಮಿಷ ಇದ್ದು ಹೋಯಿತು. ಫೋನು ಮಾಡಿದೆ. ಹುಡುಗಿ ಹೆಲ್ಮೆಟ್ಟಿನಲ್ಲೇ ಓಡಿ ಬಂದಳು. ಅಜ್ಜಿಯೂ ಬಂದರು.

“ಅಂಗಂದ್ರೆ ನೆನ್ನೆ ಓದಿದ್ದೆಲ್ಲ ಬುರುಡೆನಾ?”

“ಕೊಟ್ಟಿಗೆ ಮಟ್ಟಿಗೆ ಬುರುಡೆ ಅಜ್ಜಿ. ತಪ್ಪು ನಂದೇ.”

ಹುಡುಗಿ ಗಡಿಯಾರ ನೋಡಿ ಹಸುವಿನತ್ತ ತಿರುಗಿದಳು. “ಅಜ್ಜಿ, ಹಸೂನ ಆಚೆಗೆ ಹೊಡ್ಕೊಂಡು ಹೋಗ್ಲಾ?” ಎಂದಳು.

“ಬಾಣಂತಿ ಅಸ ಕಣವ್ವ. ಒಡುದ್ರೆ ಬರಾಕಿಲ್ಲ, ಒದೀತದೆ. ಕರ ಎತ್ಕೊಂಡು ಮುಂದೆ ನಡಿ. ಅದ್ರ ಮೂತಿ ತಾಯಿಗೆ ಕಾಣ್ತಿರ್ಲಿ. ಓಡ್ಬ್ಯಾಡ.”

ಮೆರವಣಿಗೆ ಹೊರಟಿತು. ಮುಂದೆ ಕರು ಹೊತ್ತ ರಾಕೆಟ್ ಕಂಪನಿಯ ಮುಖ್ಯಸ್ಥೆ, ಹಿಂದೆ ಅಂಬಾ ಎನ್ನುತ್ತ ಹಸು, ಅದರ ಹಿಂದೆ ಅಜ್ಜಿ, ಕೊನೆಯಲ್ಲಿ ಫೈಲು ಹಿಡಿದ ನಾನು. ದೂರದ ಹುಣಸೆಮರ ಗುರಿ. ಹಸು ದಾರಿಯಲ್ಲಿ ಯಾರದೋ ಬದುವಿನ ಹುಲ್ಲು ಕಂಡು ನಿಂತಿತು. ಅದಕ್ಕೆ ಒಂಬತ್ತು ಗಂಟೆಯ ಗಡುವು ಯಾರೂ ತಿಳಿಸಿರಲಿಲ್ಲ.

“ಅಜ್ಜಿ, ಟೈಮಾಗ್ತಾ ಇದೆ,” ಎಂದಳು ಹುಡುಗಿ. ಕರು ಅವಳ ಕಿವಿ ನೆಕ್ಕುತ್ತಿತ್ತು.

“ಅದು ತಿನ್ಲಿ ಬುಡು. ನಿಂದು ಬೆಂಕಿ ಅಚ್ಚಿದ್ರೆ ಓಯ್ತದೆ, ಇದು ಅಂಗಲ್ಲ.”

ಮರದಡಿ ಮುಟ್ಟಿದಾಗ ಎಂಟೂ ಇಪ್ಪತ್ತು. ಅಜ್ಜಿ ಸುತ್ತ ನೋಡಿ, ಹಸು ಕಟ್ಟಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದರು. ಹುಡುಗಿ ಬಯಲಿಗೆ ಓಡಿದಳು.

ಎಂಟೂ ಐವತ್ತಕ್ಕೆ ರಾಕೆಟ್ಟು ಹೊರಟಿತು. ಹಸು ಬಾಲ ಎತ್ತಿತು, ನಾನು ಅಜ್ಜಿಯ ಹಿಂದೆ ಸರಿದೆ. ಬಿಳಿ ಗೆರೆಯೊಂದು ನೆಟ್ಟಗೆ ಮೇಲಕ್ಕೆ ಹೋಯಿತು. ಬಹಳ ಹೊತ್ತಿನ ಮೇಲೆ ಪ್ಯಾರಾಚೂಟು ಬಿಚ್ಚಿಕೊಂಡು, ವೃತ್ತದೊಳಗಿನ ಬೀಳುಭೂಮಿಗೆ ಇಳಿಯಿತು.

“ಇಷ್ಟಕ್ಕೆ ಅಷ್ಟೊಂದು ಕಾಗ್ದವಾ?” ಎಂದರು ಅಜ್ಜಿ.

ಹುಡುಗಿ ಮರದಡಿಗೆ ವಾಪಸು ಬಂದಳು. ಏದುಸಿರು ಬಿಡುತ್ತಿದ್ದಳು. ಕೂತು ಕರುವಿನ ಕುತ್ತಿಗೆ ತಬ್ಬಿಕೊಂಡಳು. ಉಪಗ್ರಹದವರಿಗೆ ಆಗಲೇ ಸುದ್ದಿ ಮುಟ್ಟಿಸಿದ್ದಳಂತೆ. ಒಪ್ಪಿದ್ದಾರೆ, ಆದರೆ ಇನ್ನೊಂದು ಸಲ ಹಾರಿಸಿ ತೋರಿಸಬೇಕು ಎಂದಿದ್ದಾರೆ.

“ಅಜ್ಜಿ, ದೀಪಾವಳಿ ಆದ್ಮೇಲೆ ಇನ್ನೊಂದ್ಸಲ ಬರ್ಲಾ?”

“ಕಾರ್ತೀಕದಲ್ಲಿ ಬ್ಯಾಡ. ಮಗಳ ಮನೇಲಿರೋ ನಮ್ ಕೆಂದ ಅಸ ಇಲ್ಲಿಗ್ ಬಂದು ಕರ ಆಕ್ತದೆ. ಅದಾಗಿ ತಿಂಗ್ಳು ಬುಟ್ಕೊಂಡು ಬಾ. ಬರೋಕ್ ಮುಂಚೆ ಈ ಇನ್ಸೂರೆನ್ಸಯ್ಯನ್ನ ಕಳ್ಸಿ ಸರ್ಯಾಗಿ ಅಳತೆ ಮಾಡ್ಸು.”

ಹುಡುಗಿ ಫೋನು ತೆಗೆದು, ಕಾರ್ತೀಕ ಯಾವಾಗ ಮುಗಿಯುತ್ತದೆಂದು ನನ್ನನ್ನು ಕೇಳಿ, ಮೇಲೊಂದು ತಿಂಗಳು ಬಿಟ್ಟು ಗುರುತು ಹಾಕಿಕೊಂಡಳು.