ಮೂರು ದಿನದ ಜ್ವರ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಹಬ್ಬದ ದಿನ ಇಟ್ಟಂಗಿ ಚೂರು ತಗೊಂಡು ಎಷ್ಟು ತಿಕ್ಕಿದರೂ ಅದು ಬಿಳಿಯಾಗುತ್ತಿರಲಿಲ್ಲ. ಮಾನವಿ ಸುತ್ತಲಿನ ಕಾಲುವೆ ನೀರಿನ ಗದ್ದೆಗಳಲ್ಲಿ ವರ್ಷ ವರ್ಷ ನೆಲ್ಲು ಹಚ್ಚಿ ಹಚ್ಚಿ ಕೆಸರು ಆ ಉಗುರಿನೊಳಗೇ ಮನೆ ಮಾಡಿಕೊಂಡಿತ್ತು. ಮೂರು ಸಸಿ ಬೆರಳ ತುದಿಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳೆಂದರೆ ಮುಗಿಯಿತು, ಆ ಸಸಿ ಮತ್ತೆ ತೇಲುತ್ತಿರಲಿಲ್ಲ. ಉಳಿದವರು ಒಂದು ಹಚ್ಚುವಷ್ಟರಲ್ಲಿ ಅವಳದು ಮೂರು ಆಗಿರುತ್ತಿತ್ತು.

ಅವಳು ನಮ್ಮ ಅವ್ವನ ಅಕ್ಕ. ಮಕ್ಕಳಿರಲಿಲ್ಲ. ಗಂಡ ಸತ್ತ ಮೇಲೆ ದೇವದುರ್ಗ ಬಿಟ್ಟು ಮಾನವಿಗೆ, ನಮ್ಮ ಮನೆಗೆ ಬಂದವಳು. ಬಂದ ಎರಡೇ ವರ್ಷಕ್ಕೆ ನಮ್ಮ ಓಣಿಯ ನಾಟಿ ಹೆಂಗಸರ ಗುಂಪಿಗೆ ಯಜಮಾನಿಯಾದಳು. ಯಾವ ಗದ್ದೆಗೆ ಹೋಗಬೇಕು, ಯಾರ ಪಕ್ಕ ಯಾರು ನಿಲ್ಲಬೇಕು, ಯಾವಾಗ ಬುತ್ತಿ ಬಿಚ್ಚಬೇಕು, ಎಲ್ಲ ಅವಳು ಹೇಳಿದ ಹಾಗೆ. ಯಾರಾದರೂ ಸಾಲಿನಲ್ಲಿ ನಿಂತು ಅತ್ತೆಯ ಸುದ್ದಿ ತೆಗೆದರೆ, "ಮಾತು ಬ್ಯಾಡ ಬೇ, ಕೆಸರಿಗೆ ಸಸಿ ಹಾಕು" ಎಂದು ಗದರುತ್ತಿದ್ದಳು. ಆಮೇಲೆ ಬುತ್ತಿ ಬಿಚ್ಚಿದಾಗ ತಾನೇ ಆ ಅತ್ತೆಯ ಸುದ್ದಿಯನ್ನು ಪೂರಾ ಕೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಏಳನೆಯ ಇಯತ್ತೆ ಮುಗಿಸಿದಾಗ ಅವ್ವ ನನ್ನ ಮದುವೆ ಮಾಡಿಬಿಡಲು ಹೊರಟಿದ್ದಳು. ದೊಡ್ಡವ್ವ ಹೊಸ್ತಿಲಲ್ಲಿ ಅಡ್ಡ ಕುಳಿತು ಆ ಹೆಬ್ಬೆರಳನ್ನು ಅವ್ವನ ಮುಖದ ಮುಂದೆ ಹಿಡಿದಳು. "ಇದು ಕರ್ರಗಾದದ್ದು ಸಾಕು. ಇಕಿ ಬಳ್ಳು ಕರ್ರಗ ಆಗಬಾರ್ದು. ಇಕಿ ಸಾಲಿ ಕಲೀತಾಳ. ನಾ ಅದೀನಿ." ಅಷ್ಟೇ ಅವಳು ಹೇಳಿದ್ದು. ಅವ್ವ ಮತ್ತೆ ಆ ಮಾತು ಎತ್ತಲಿಲ್ಲ. ನಾನು ಈಗ ನರ್ಸ್ ಕೆಲಸದಿಂದ ನಿವೃತ್ತಳಾಗಿ, ಚಶ್ಮಾ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆಂದರೆ ಅದು ಆ ಹೊಸ್ತಿಲಿನಿಂದ.

ಹಾಗಂತ ಅವಳನ್ನು ದೇವರು ಮಾಡುವುದಿಲ್ಲ. ಅವಳಲ್ಲಿ ಒಂದು ಕೆಟ್ಟ ಗುಣವಿತ್ತು, ಅದನ್ನೂ ಹೇಳಬೇಕು.

ನಾಟಿ ಎಂದರೆ ಹಿಂದಕ್ಕೆ ನಡೆಯುವ ಕೆಲಸ. ಹೆಂಗಸರು ಸಾಲಾಗಿ ನಿಂತು, ಬಗ್ಗಿ, ತಂತಮ್ಮ ಪಟ್ಟಿ ಹಚ್ಚುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಒಬ್ಬಳು ನಿಧಾನ ಮಾಡಿದರೆ ಎಡಬಲದವರು ಅವಳನ್ನು ದಾಟಿ ಹೋಗಿ, ಅವಳ ಬೆನ್ನ ಹಿಂದಿನ ಜಾಗವನ್ನೂ ಹಚ್ಚಿ ಮುಚ್ಚಿಬಿಡುತ್ತಿದ್ದರು. ಸುತ್ತಲೂ ಸಸಿ, ನಡುವೆ ಬರಿಗೆಸರಿನಲ್ಲಿ ಅವಳೊಬ್ಬಳೇ. ಇದಕ್ಕೆ ನಮ್ಮ ಗುಂಪಿನಲ್ಲಿ 'ದೊಡ್ಡಿಗೆ ಹಾಕೋದು' ಅನ್ನುತ್ತಿದ್ದರು, ತುಡುಗು ದನವನ್ನು ಹಾಕುತ್ತಾರಲ್ಲ ಹಾಗೆ. ಒಳಗೆ ಸಿಕ್ಕವಳು ತನ್ನ ಪಾಲನ್ನು ಪೂರಾ ಹಚ್ಚಿ, ಒಂದು ಸಸಿಯನ್ನೂ ತುಳಿಯದೆ ದಾಟಿ ಬರಬೇಕು. ಅಲ್ಲಿಯವರೆಗೆ ಉಳಿದವರು ಬದುವಿನ ಮೇಲೆ ಕುಳಿತು ಕೇಕೆ ಹಾಕುವುದು.

ಎಲ್ಲರಿಗಿಂತ ಜೋರಾಗಿ ಕೇಕೆ ಹಾಕುತ್ತಿದ್ದವಳು ದೊಡ್ಡವ್ವ. ಸಿರವಾರದಿಂದ ಸೊಸೆಯಾಗಿ ಬಂದವಳೊಬ್ಬಳು ಗುಂಪಿನಲ್ಲಿದ್ದಳು. ಸಿರವಾರದಾಕಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವಳಿಗೆ ಕಾಮಣಿ ಆಗಿ, ಸೊಪ್ಪಿನ ಔಷಧ ಕುಡಿದು, ಹಳದಿ ಹೋಗಿ ಎರಡು ತಿಂಗಳಾಗಿತ್ತು. ಆದರೂ ಬಗ್ಗಿದರೆ ತಲೆ ತಿರುಗುತ್ತದೆ, ಕಾಲಲ್ಲಿ ಬಲವೇ ಇಲ್ಲ ಅನ್ನುತ್ತಿದ್ದಳು. ದೊಡ್ಡವ್ವ ಅವಳ ಕಣ್ಣರೆಪ್ಪೆ ಎಳೆದು ನೋಡಿ, "ಕಣ್ಣು ಬೆಳ್ಳಗ ಆಗ್ಯಾವಲ್ಲ, ಇನ್ನೇನ್ ನಿಂದು? ಮೈಗಳ್ಳಿ!" ಎಂದು, ಆ ದಿನವೇ ದೊಡ್ಡಿಗೆ ಹಾಕಿಸಿದಳು. ಅವಳು ಅಳುತ್ತ ಹಚ್ಚಿದಳು. ನಾವೆಲ್ಲ ನಕ್ಕೆವು.

ಅದಾದ ಮುಂದಿನ ವರ್ಷವೇ ಇರಬೇಕು, ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಓಣಿಗೆ ಒಂದು ಜ್ವರ ಬಂತು. ಮನೆಗೊಬ್ಬರು ಇಬ್ಬರು ಮಲಗಿದರು. ಮೈಮೇಲೆ ಸಣ್ಣ ಗಂದೆ, ಕೀಲು ನೋವು, ಮೂರು ದಿನಕ್ಕೆ ಇಳಿಯುತ್ತಿತ್ತು. ಯಾರೂ ಸಾಯಲಿಲ್ಲ. ನಾಲ್ಕನೆಯ ದಿನ ಎದ್ದು ಗಂಜಿ ಕುಡಿದು ಕೆಲಸಕ್ಕೆ ಹೋದರು. ದೊಡ್ಡವ್ವನಿಗೆ ಬಂದದ್ದು ಎಲ್ಲರಿಗಿಂತ ಹಗುರ. ಎರಡನೆಯ ದಿನ ಸಂಜೆಗೇ ಒಲೆ ಮುಂದೆ ಕುಳಿತು, "ಇದಕ್ಕೂ ಜ್ವರ ಅಂತಾರೇನ್?" ಎಂದು ನಮ್ಮನ್ನೇ ಚೇಷ್ಟೆ ಮಾಡಿದಳು.

ವಾರ ಕಳೆದಿರಲಿಲ್ಲ, ರೊಟ್ಟಿ ಬಡಿಯುವಾಗ ಅವಳ ಕೈ ನಿಂತಿತು. ಮಣಿಕಟ್ಟು ಊದಿತ್ತು. ಬೆಳಗ್ಗೆ ಎದ್ದರೆ ಬೆರಳು ಮಡಿಚುತ್ತಿರಲಿಲ್ಲ, ಮಡಿಚಿದರೆ ಬಿಚ್ಚುತ್ತಿರಲಿಲ್ಲ. ಕೊಡ ಎತ್ತಲು ಹೋಗಿ ಅಂಗಳದಲ್ಲೇ ಒಡೆದಳು. ಪೇಟೆಯಲ್ಲಿ ಸೂಜಿ ಹಾಕುವ ಡಾಕ್ಟರನೊಬ್ಬನಿದ್ದ, ಅವನ ಹತ್ತಿರ ನಾನೂ ಅವ್ವನೂ ಕರೆದುಕೊಂಡು ಹೋದೆವು. ಅವನು ಅವಳ ಬೆರಳು ಮಡಿಚಿ ನೋಡಲೂ ಇಲ್ಲ. ನಾಡಿ ಹಿಡಿದು ಬಿಟ್ಟ.

"ಜ್ವರ ಬಿಟ್ಟಾವಲ್ಲ? ಮತ್ತೇನದ? ಏನೂ ಇಲ್ಲ. ಕೆಲಸ ಮಾಡಿದ್ರ ತಾನ ಸಡ್ಲ ಆಗ್ತದ." ಆಮೇಲೆ ಅವ್ವನ ಕಡೆ ತಿರುಗಿ ನಕ್ಕ. "ಹೆಣ್ಮಕ್ಕಳಿಗೆ ಬ್ಯಾನಿ ಮೈಯಾಗ ಇರಂಗಿಲ್ರಿ, ಮನಸಿನ್ಯಾಗ ಇರ್ತದ."

ಅವನ ಮುಖ ನನಗೆ ಈಗ ನೆನಪಿಲ್ಲ. ಆ ನಗು ಮಾತ್ರ ನೆನಪಿದೆ. ಅವನ ಬಾಯಿಗೆ ಮಣ್ಣು ಹಾಕ! ಗೊತ್ತಿಲ್ಲ ಅನ್ನಬಹುದಿತ್ತು. 'ಗೊತ್ತಿಲ್ಲ' ಅನ್ನಲು ಅವನ ಗಂಟೇನು ಹೋಗುತ್ತಿತ್ತು? ಅವನು 'ಏನೂ ಇಲ್ಲ' ಅಂದ, ಆ ಎರಡು ಮಾತನ್ನು ಅವ್ವ ಮನೆಗೆ ತಂದಳು, ಮನೆಯಿಂದ ಅದು ಓಣಿಗೆ ಹೋಯಿತು.

"ಮೂರು ದಿನದ ಜ್ವರಕ್ಕ ಮೂರು ತಿಂಗಳ ನಾಟಕ ಏನಕ್ಕ?" ಎಂದು ಅವ್ವ ಒಂದು ದಿನ ಕೇಳಿಯೇಬಿಟ್ಟಳು. ದೊಡ್ಡವ್ವ ಎದ್ದು ಹೋಗಿ, ಒಂದು ರೊಟ್ಟಿಯನ್ನು ಎರಡೂ ಅಂಗೈಯ ಬುಡದಿಂದ ಒತ್ತಿ ಒತ್ತಿ ಹರಡಿ, ಹರಕು ಮುರುಕು ಮಾಡಿ ಅವ್ವನ ತಾಟಿಗೆ ಹಾಕಿದಳು. ನಾನು ಆಗ ಎಸ್ಸೆಸ್ಸೆಲ್ಸಿ ಪಾಸಾಗಿ, ನರ್ಸ್ ತರಬೇತಿಗೆ ಅರ್ಜಿ ಹಾಕಿ ಮನೆಯಲ್ಲಿದ್ದೆ. ಅವಳ ಕುಪ್ಪಸದ ಗುಂಡಿ ಹಾಕುವುದು, ತಲೆ ಬಾಚುವುದು, ನೀರು ತರುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಸಾಕಾಗಿತ್ತು. ನಾನೂ ನಂಬಿರಲಿಲ್ಲ.

ನಾಟಿ ಶುರುವಾಯಿತು. ದೊಡ್ಡವ್ವ ಸೆರಗು ಕಟ್ಟಿಕೊಂಡು ಬಂದಳು. ಬರದಿದ್ದರೆ ಯಜಮಾನಿಕೆ ಹೋಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮೈಗಳ್ಳಿ ಎನ್ನುವ ಹೆಸರು ಗಟ್ಟಿಯಾಗುತ್ತಿತ್ತು. ತಾನೇ ಊರ ಹೆಂಗಸರಿಗೆಲ್ಲ ಕೊಟ್ಟ ಹೆಸರು ಅದು. ಅವಳು ಸಾಲಿನ ತುದಿಯಲ್ಲಿ, ತನ್ನ ಜಾಗದಲ್ಲಿ ನಿಲ್ಲದೆ ನಡುವೆ ಬಂದು ನಿಂತಳು. ಅವಳ ಎಡಕ್ಕೆ ನಾನು; ಸಾಲಿ ಸೂಟಿಯಲ್ಲಿ ನಾಟಿ ಕಲಿತಿದ್ದೆ, ಆ ವರ್ಷ ಮನೆಯಲ್ಲೇ ಇದ್ದೆನೆಂದು ಕೂಲಿಗೆ ಬಂದಿದ್ದೆ.

ಅರ್ಧ ಗಂಟೆಗೇ ಹಿಂದೆ ಬಿದ್ದಳು. ಸಸಿ ಅವಳ ಬೆರಳಲ್ಲಿ ನಿಲ್ಲುತ್ತಿರಲಿಲ್ಲ, ಒತ್ತಿದ್ದು ತೇಲುತ್ತಿತ್ತು. ಅವಳ ಬಲಗಡೆಯವರು ಆಗಲೇ ದಾಟಿದ್ದರು. ಇನ್ನು ಉಳಿದದ್ದು ನನ್ನ ಪಟ್ಟಿ ಒಂದೇ. ಅವಳ ಬೆನ್ನ ಹಿಂದಿನ ಮೂಲೆಯನ್ನು ನಾನು ಹಚ್ಚಿದರೆ ದೊಡ್ಡಿ ಮುಚ್ಚುತ್ತದೆ.

"ಹಚ್ಚಬೇ ಸಾಲಿ ಕಲ್ತಾಕಿ! ಹಚ್ಚು! ಯಜಮಾನಿ ಸಿಕ್ಕಾಳ ಇವತ್ತು!" ಎಂದು ಎಲ್ಲರೂ ಕೂಗಿದರು.

ಹಚ್ಚಿದೆ. ನಗುತ್ತ ಹಚ್ಚಿದೆ.

ಬದುವಿನ ಮೇಲೆ ಕೇಕೆ ಎದ್ದಿತು. ಸಿರವಾರದಾಕಿ ಒಬ್ಬಳು ಮಾತ್ರ ಅತ್ತ ಮುಖ ಮಾಡಿ ಬುತ್ತಿ ಬಿಚ್ಚಿದಳು. ದೊಡ್ಡವ್ವ ಯಾರನ್ನೂ ಬೈಯಲಿಲ್ಲ. ಸಸಿಯನ್ನು ಎಡಗೈಗೆ ಬದಲಿಸಿದಳು. ಅದೂ ಆಗದೆ, ಎರಡೂ ಮಣಿಕಟ್ಟಿನ ನಡುವೆ ಸಸಿ ಹಿಡಿದು, ಮೊಣಕಾಲೂರಿ, ಮುಷ್ಟಿಯಿಂದ ಕೆಸರಿಗೆ ಗುದ್ದಿ ಗುದ್ದಿ ನಿಲ್ಲಿಸತೊಡಗಿದಳು. ಸ್ವಲ್ಪ ಹೊತ್ತಿಗೆ ನಗು ತಾನಾಗಿ ನಿಂತಿತು. ಆದರೂ ಯಾರೂ ಇಳಿದು ಹೋಗಲಿಲ್ಲ, ನಾನೂ ಹೋಗಲಿಲ್ಲ. ಹೊತ್ತು ವಾಲುವವರೆಗೆ ಅವಳು ತನ್ನ ಪಾಲು ಹಚ್ಚಿದಳು. ಒಂದು ಸಸಿಯನ್ನೂ ತುಳಿಯದೆ ದಾಟಿ ಬಂದು ನನ್ನ ಮುಂದೆ ನಿಂತಳು. ಮುಖದ ತುಂಬ ಕೆಸರು. ನಾನು ಮುಚ್ಚಿದ ಆ ಮೂಲೆಯನ್ನು ತಿರುಗಿ ನೋಡಿ, "ಚಂದ ಹಚ್ಚೀದಿ. ಸಾಲು ಸುದ್ದ ಅದ" ಎಂದಳು.

ಮರುದಿನ ಗಂಟು ಕಟ್ಟಿಕೊಂಡು ದೇವದುರ್ಗದ ಬಸ್ಸು ಹತ್ತಿದಳು. ಅಲ್ಲಿ ಮೈದುನನ ಮನೆಯಲ್ಲಿ, ಕೋಲನ್ನು ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು ಆಡು ಕಾಯುತ್ತಾಳೆ ಎಂದು ಸುದ್ದಿ ಬಂತು.

ನಾನು ತರಬೇತಿಗೆ ರಾಯಚೂರಿಗೆ ಹೋದೆ. ಎರಡನೆಯ ವರ್ಷ ಇರಬೇಕು, ಗಿಲ್ಲೆಸುಗೂರು ಕಡೆಯ ಒಬ್ಬ ಮುದುಕಿ ವಾರ್ಡಿಗೆ ಬಂದಳು. ಅದೇ ಮಣಿಕಟ್ಟು, ಅದೇ ಬಿಚ್ಚದ ಬೆರಳು. ಹಿರಿಯ ಡಾಕ್ಟರು ಅವಳ ಒಂದೊಂದೇ ಬೆರಳನ್ನು ಮೆಲ್ಲಗೆ ಹಿಡಿದು ನೋಡಿ, "ಮೊದ್ಲು ಜ್ವರ ಬಂದಿದ್ವೇನಮ್ಮ? ಗಂದೆ ಎದ್ದಿದ್ವಾ?" ಎಂದು ಕೇಳಿದರು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದರು: ಇದು ವೈರಸ್ ಜ್ವರ, ಜ್ವರ ಮೂರು ದಿನಕ್ಕೆ ಹೋಗುತ್ತದೆ, ಕೆಲವರಿಗೆ ಕೀಲಿನ ನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ, ಜ್ವರ ಹಗುರಾಗಿತ್ತು ಅಂತ ನೋವು ಸುಳ್ಳು ಅಂದುಕೊಳ್ಳಬೇಡಿ.

ಒಂದು ನಿಮಿಷವೂ ಹಿಡಿಯದ ಮಾತು! ನಮ್ಮ ದೊಡ್ಡವ್ವನ ಬಾಳನ್ನು ಮಣ್ಣುಪಾಲು ಮಾಡಿದ್ದು ಈ ಒಂದು ಮಾತು ಇಲ್ಲದ್ದು. ಕೈಯಲ್ಲಿದ್ದ ಟ್ರೇ ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಮೊದಲು ನನ್ನ ಮೇಲೆ.

ರವಿವಾರ ದೇವದುರ್ಗಕ್ಕೆ ಹೋದೆ. ಅವಳು ಜಾಲಿ ಗಿಡದ ಕೆಳಗೆ ಆಡುಗಳ ನಡುವೆ ಕುಳಿತಿದ್ದಳು. ನಾನು ಅಳುತ್ತ ಎಲ್ಲ ಹೇಳಿದೆ. "ನಿಂದು ನಾಟಕ ಅಲ್ಲ ದೊಡ್ಡವ್ವಾ. ಜಡ್ಡು ಅದು. ಡಾಕ್ಟರ್ ಹೇಳ್ಯಾರ."

ಸಮಾಧಾನ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೆಂಡವಾದಳು. "ನನಗ್ಯಾಕ ಹೇಳ್ತಿ? ನಾಟಕ ಅಲ್ಲ ಅಂಬೋದು ನನಗ ಗೊತ್ತಿಲ್ಲೇನು? ಈ ಕೈ ನಂದಲ್ಲೇನು? ಆ ಬದುವಿನ ಮ್ಯಾಲ ನಿಂತು ಹೇಳು ಹೋಗು! ಕೇಕಿ ಹಾಕಿದವ್ರಿಗೆ ಹೇಳು!"

ಹೇಳಿದೆ. ಮುಂದಿನ ನಾಟಿಗೆ ರಜೆ ಹಾಕಿ, ಅವಳನ್ನು ಮಾನವಿಗೆ ಕರೆತಂದು, ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ನಿಂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ನನ್ನ ಪಕ್ಕದಲ್ಲಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳದೆ ನಿಂತಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಕಿಸಕ್ಕನೆ ನಕ್ಕು, "ಸಾಕಿದ ಮಗಳು, ಹೇಳ್ದೆ ಇನ್ನೇನ್ ಮಾಡ್ತಾಳ?" ಎಂದಳು.

ಆಗ ಎದ್ದವಳು ಸಿರವಾರದಾಕಿ. ಈಗ ಗುಂಪಿನ ಯಜಮಾನಿ ಅವಳೇ ಆಗಿದ್ದಳು. ದೊಡ್ಡವ್ವನ ಎದುರಿಗೆ ಬಂದು ನಿಂತು ಕೇಳಿದಳು: "ನನಗ ಕಾಮಣಿ ಆಗಿ ಹೋದ ಮ್ಯಾಲ ಕಾಲಾಗ ನಿಲ್ಲಾಕ ಬಲ ಇರ್ಲಿಲ್ಲ. ಆಗ ನೀ ನಂಬಿದ್ದೇನು?"

"ಇಲ್ಲ" ಎಂದಳು ದೊಡ್ಡವ್ವ. "ನಂಬಲಿಲ್ಲ. ತಪ್ಪಾತು ನಂದು."

"ನಾ ನಿನ್ನ ನಂಬ್ತೀನಿ" ಎಂದಳು ಅವಳು. "ಆವತ್ತ ನಂಬಿದ್ದೆ, ಬಾಯಿ ಬಿಡ್ಲಿಲ್ಲ. ಹಂಗಂತ ನಿನ್ನ ಮ್ಯಾಲಿನ ಸಿಟ್ಟು ಹೋಗ್ಯಾದ ಅನ್ಕೋಬ್ಯಾಡ." ಹಾಗೆ ಅಂದವಳೇ ತನ್ನ ಬುತ್ತಿಯ ರೊಟ್ಟಿ ಮುರಿದು, ಖಾರದ ಹಿಂಡಿ ಹಚ್ಚಿ, ದೊಡ್ಡವ್ವನ ಬಾಯಿಗೆ ಹಿಡಿದಳು. ಉಳಿದವರು ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ. ದೊಡ್ಡವ್ವ ಮಾತ್ರ ಮತ್ತೆ ದೇವದುರ್ಗಕ್ಕೆ ಹೋಗಲಿಲ್ಲ.

ಕೈ ಸರಿಯಾಗಲೇ ಇಲ್ಲ. ವರ್ಷ ಕಳೆದಂತೆ ಬೆರಳುಗಳು ಒಳಕ್ಕೆ ಬಾಗಿ ಅಲ್ಲೇ ಕುಳಿತವು. ಕೆಲಸ ಸಿಕ್ಕ ಮೇಲೆ ನಾನು ಮಾತ್ರೆ ತಂದೆ, ಎಣ್ಣೆ ತಿಕ್ಕಿದೆ, ಬಿಸಿನೀರಲ್ಲಿ ಅದ್ದಿಸಿದೆ. ಸ್ವಲ್ಪ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಆ ಉಗುರು ಕೆಸರು ಬಿಟ್ಟು ಬೆಳ್ಳಗಾಯಿತು. ಅದನ್ನು ನೋಡಿಕೊಂಡು ಅವಳು ಒಮ್ಮೆ, "ಈಗ ನಿನ್ನ ಬಳ್ಳಿನಂಗ ಆತು ನೋಡು" ಎಂದು ನಕ್ಕಿದ್ದಳು. ನನಗೆ ನಗು ಬರಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಬೆಳಗ್ಗೆ ಅವಳು ಏಳಲಿಲ್ಲ. ಓಣಿಯವರೆಲ್ಲ ಸೇರಿದರು, ಅವತ್ತು ಬದುವಿನ ಮೇಲೆ ಇದ್ದವರೂ ಬಂದರು. ಮೈ ತೊಳೆಸಿ, ಹೊಸ ಸೀರೆ ಉಡಿಸಿ, ಕೈಯಲ್ಲಿ ಎಲೆ ಅಡಿಕೆ ಇಡಬೇಕು. ಬಲಗೈ ಮುಷ್ಟಿ ಬಿಚ್ಚಲಿಲ್ಲ. ಅವ್ವ ಬೆರಳುಗಳ ಸಂದಿಯಲ್ಲಿ ತನ್ನ ಬೆರಳು ತೂರಿಸಿ ಎಳೆಯತೊಡಗಿದಳು. "ಸತ್ತ ಮ್ಯಾಲ ಬಿಗಿ ಬರ್ತದ, ಜೋರಾಗಿ ಎಳಿ" ಎಂದಳು ಯಾರೋ ಒಬ್ಬಳು.

"ಎಳೀಬ್ಯಾಡ!" ಎಂದು ನಾನು ಕಿರುಚಿದೆ. "ಎಳೀಬ್ಯಾಡವ್ವಾ, ನೋಯ್ತದ ಅಕಿಗೆ!"

ಎಲ್ಲರೂ ನನ್ನನ್ನೇ ನೋಡಿದರು. ಸಿರವಾರದಾಕಿ ಮುಂದೆ ಬಂದು ಅವ್ವನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಎಲೆ ಅಡಿಕೆಯನ್ನು ಆ ಮುಷ್ಟಿಯ ಮೇಲೆಯೇ ಇಟ್ಟೆವು.